ಬೇಬಿಯ ಎಂಟು ಅಡಿ: ಸಾಕಿದ ಹೆಬ್ಬಾವು ಎಷ್ಟು ವರ್ಷ ಬೆಳೆಯುತ್ತದೆ?

ಹಾವು ಸಾಕುವವರನ್ನು "ಇದು ಎಷ್ಟು ವರ್ಷದ ತನಕ ಬೆಳೆಯುತ್ತೆ?" ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಸಾಯೋ ತನಕ." ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಇದನ್ನೇ ನಂಬಿ ಲೆಕ್ಕ ಹಾಕಿದರೆ ಲೆಕ್ಕ ಬಹಳ ದೂರ ತಪ್ಪಿಹೋಗುತ್ತದೆ. ಎಷ್ಟು ದೂರ ಅನ್ನುವುದನ್ನು ತೋರಿಸಲು ಅಮೆರಿಕದ ಒಂದು ಹೆಬ್ಬಾವಿನ ಪ್ರಕರಣವನ್ನು ಇಲ್ಲಿ ಬಿಡಿಸಿ ಇಡುತ್ತೇನೆ. ಆ ಹೆಬ್ಬಾವಿನ ಹೆಸರು ಬೇಬಿ.

ಬೇಬಿ ಬರ್ಮೀಸ್ ಹೆಬ್ಬಾವು. ಇಲಿನಾಯ್ ರಾಜ್ಯದಲ್ಲಿ, ಶಿಕಾಗೋದ ಉತ್ತರಕ್ಕೆ ಗರ್ನೀ ಅನ್ನುವ ಊರಿದೆ. ಅಲ್ಲಿನ ಸರ್ಪೆಂಟ್ ಸಫಾರಿ ಅನ್ನುವ ಹಾವುಗಳ ಪ್ರದರ್ಶನದಲ್ಲಿ ಅದು ಇತ್ತು. ಕಾಡಿನಲ್ಲಿ ಬೆಳೆದ ಹಾವಲ್ಲ, ಮನುಷ್ಯರ ಕೈಯಲ್ಲಿ, ಹೊತ್ತಿಗೆ ಸರಿಯಾಗಿ ಆಹಾರ ಸಿಕ್ಕಿ ಬೆಳೆದದ್ದು. 1998ರ ನವೆಂಬರ್‌ನಲ್ಲಿ ತೂಗಿದಾಗ ತೂಕ ಸುಮಾರು 183 ಕೆಜಿ ಬಂತು. ಸಾಕಿದ ಹಾವುಗಳಲ್ಲೇ ಅತಿ ಹೆಚ್ಚು ತೂಕದ್ದು ಅಂತ ಗಿನ್ನೆಸ್ ದಾಖಲೆಗೂ ಸೇರಿತು. ಉದ್ದ 27 ಅಡಿ ಅಂತ ಹೇಳಲಾಯಿತು. ಈ 27 ಅಡಿ ಅನ್ನುವ ಅಂಕಿ ಪುಸ್ತಕದಿಂದ ಪುಸ್ತಕಕ್ಕೆ, ಟಿವಿಯಿಂದ ಟಿವಿಗೆ ಹರಡಿತು.

2006ರಲ್ಲಿ ಬೇಬಿ ಸತ್ತಿತು. ಆಗ ವಯಸ್ಸು ಸುಮಾರು 27 ವರ್ಷ. ಸತ್ತ ಮೇಲೆ ಮೈಯನ್ನು ಅಳೆದಾಗ ಸಿಕ್ಕಿದ್ದು 5.74 ಮೀಟರ್, ಅಂದರೆ 18 ಅಡಿ 10 ಇಂಚು. ಹೇಳಿದ್ದಕ್ಕಿಂತ ಎಂಟು ಅಡಿಗೂ ಜಾಸ್ತಿ ಕಡಿಮೆ. ಹಾವು ಸತ್ತ ಮೇಲೆ ಸ್ನಾಯು ಸಡಿಲವಾಗಿ ಮೈ ಉದ್ದಕ್ಕೆ ಚಾಚಿಕೊಳ್ಳುತ್ತದೆಯೇ ಹೊರತು ಕುಗ್ಗುವುದಿಲ್ಲ. ಹಾಗಾಗಿ ಜೀವಂತ ಇದ್ದಾಗಲೂ ಅದು 18 ಅಡಿ 10 ಇಂಚಿಗಿಂತ ಉದ್ದ ಇದ್ದಿರಲಾರದು. ಈ ತಿದ್ದುಪಡಿ 2012ರಲ್ಲಿ ಶಿಕಾಗೋ ಹರ್ಪಿಟಲಾಜಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಎಂಟು ಅಡಿ ಅಂದರೆ ನಮ್ಮ ಮನೆಯ ಬಾಗಿಲಿಗಿಂತ ಎತ್ತರ. ಇಷ್ಟು ದೊಡ್ಡ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದು ಒಂದು ಪ್ರಶ್ನೆ. ಅದು ನಮ್ಮಿಂದ ಏನನ್ನು ಮುಚ್ಚಿಟ್ಟಿತ್ತು ಅನ್ನುವುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ.

ಹಾವನ್ನು ಅಳೆಯುವುದು ಯಾಕಿಷ್ಟು ಕಷ್ಟ

ಜೀವಂತ ಹೆಬ್ಬಾವು ನೆಟ್ಟಗೆ ಮಲಗುವುದಿಲ್ಲ. ಮೈತುಂಬಾ ಸ್ನಾಯು. ಎಷ್ಟೇ ಜನ ಹಿಡಿದರೂ ಎಲ್ಲೋ ಒಂದು ಕಡೆ ಬಾಗಿಯೇ ಇರುತ್ತದೆ. ಜೋರಾಗಿ ಎಳೆದರೆ ಬೆನ್ನುಮೂಳೆಗೆ ಪೆಟ್ಟಾಗುತ್ತದೆ, ಎಳೆಯಲೂ ಬಾರದು. ಹಾಗಾಗಿ ಟೇಪನ್ನೋ ದಾರವನ್ನೋ ಮೂತಿಯ ತುದಿಗೆ ಇಟ್ಟು, ಬೆನ್ನಿನ ನಡುಗೆರೆಯ ಮೇಲೆ ಸಾಗುತ್ತಾ ಬಾಲದ ತುದಿ ಮುಟ್ಟಿಸುತ್ತಾರೆ. ತಪ್ಪು ಆಗುವುದು ತಿರುವಿನಲ್ಲಿ. ದಾರ ಸ್ವಲ್ಪ ಹೊರಗೆ ಜಾರಿದರೆ ಉದ್ದ ಹೆಚ್ಚು ಬರುತ್ತದೆ, ಒಳಗೆ ಜಾರಿದರೆ ಕಡಿಮೆ.

ತೆಳ್ಳನೆಯ ಹಾವಿನಲ್ಲಿ ಇದು ಒಂದೆರಡು ಇಂಚಿನ ಮಾತು. ಬೇಬಿಯಂಥ ಹಾವಿನಲ್ಲಿ ಹಾಗಲ್ಲ. ಅದರ ತೂಕವನ್ನು ಉದ್ದದಿಂದ ಭಾಗಿಸಿ ನೋಡಿದರೆ ಮೈ ಸರಾಸರಿ 20 ಸೆಂಟಿಮೀಟರ್‌ನಷ್ಟು ದಪ್ಪ ಇತ್ತು ಅಂತ ಲೆಕ್ಕ ಸಿಗುತ್ತದೆ. ಇಷ್ಟು ದಪ್ಪದ ಹಾವು ಒಂದು ಸಲ ಯು ಆಕಾರದಲ್ಲಿ ತಿರುಗಿ ಮಲಗಿದರೆ, ಆ ಒಂದು ತಿರುವಿನಲ್ಲೇ ಹೊರ ಅಂಚು ನಡುಗೆರೆಗಿಂತ 31 ಸೆಂಟಿಮೀಟರ್ ಉದ್ದ ಇರುತ್ತದೆ. ಒಂದು ತಿರುವಿಗೆ ಒಂದು ಅಡಿ! ಬೇಬಿಯ ವಿಷಯದಲ್ಲಿ ಹೀಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ದಪ್ಪ ಹಾವಿನಲ್ಲಿ ತಪ್ಪು ಎಷ್ಟು ಬೇಗ ದೊಡ್ಡದಾಗುತ್ತದೆ ಅನ್ನುವುದು ಗೊತ್ತಾಗಲಿ ಅಂತ ಈ ಲೆಕ್ಕ.

ಅದೇ 2012ರ ಲೇಖನದಲ್ಲಿ ಇನ್ನೊಂದು ಹೆಬ್ಬಾವಿನ ಕತೆಯೂ ಇದೆ. ಪಿಟ್ಸ್‌ಬರ್ಗ್‌ನ ಹೈಲ್ಯಾಂಡ್ ಪಾರ್ಕ್ ಮೃಗಾಲಯದಲ್ಲಿ 1949ರಿಂದ 1963ರವರೆಗೆ ಇದ್ದ ಕೊಲೋಸಸ್. ಅದು ರೆಟಿಕ್ಯುಲೇಟೆಡ್ ಪೈಥಾನ್, ಮೈಮೇಲೆ ಬಲೆಯ ಹಾಗೆ ಗೆರೆ ಇರುವ ಜಾತಿ. 1956ರಲ್ಲಿ ಅದರ ಉದ್ದ 28 ಅಡಿ 6 ಇಂಚು ಅಂತ ದಾಖಲಾಯಿತು. ಸತ್ತ ಮೇಲೆ ಅದರ ಎಲುಬುಗಳು ಕಾರ್ನೆಗೀ ವಸ್ತುಸಂಗ್ರಹಾಲಯಕ್ಕೆ ಹೋದವು. ಅಲ್ಲಿ ಸಿಕ್ಕ ಉದ್ದ 20 ಅಡಿ 10 ಇಂಚು. ಹಾವು ನೆಟ್ಟಗೆ ಇರುವುದಿಲ್ಲ, ಡೊಂಕಿಗೆ ಇಷ್ಟು ಅಡಿ ಇರಲಿ ಅಂತ ಅಂದಾಜಿನಲ್ಲಿ ಸೇರಿಸುತ್ತಾ ಹೋಗಿದ್ದರು ಅಂತ ಕಾಣುತ್ತದೆ. ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ಆದರೆ ಅಂದಾಜಿನ ಮೇಲೆ ಅಂದಾಜು ಕೂಡಿಸಿದರೆ ಕಾಗದದ ಮೇಲೆ ಹಾವು ವರ್ಷ ವರ್ಷ ಬೆಳೆಯುತ್ತಲೇ ಹೋಗುತ್ತದೆ.

30 ಅಡಿ ಅಥವಾ ಅದಕ್ಕಿಂತ ಉದ್ದದ ಜೀವಂತ ಹಾವು ತಂದುಕೊಟ್ಟವರಿಗೆ ಬಹುಮಾನ ಅಂತ ನ್ಯೂಯಾರ್ಕ್‌ನ ಮೃಗಾಲಯ ಸಂಸ್ಥೆ ಬಹಳ ಕಾಲ ಘೋಷಿಸಿತ್ತು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಸಾವಿರ ಡಾಲರ್‌ನಿಂದ ಶುರು ಮಾಡಿದ ಆ ಬಹುಮಾನ 50,000 ಡಾಲರ್‌ವರೆಗೂ ಏರಿತು. ಗೆದ್ದವರು ಯಾರೂ ಇಲ್ಲ.

ಸರಿಯಾಗಿ ಅಳೆದ ಉದಾಹರಣೆಯೂ ಇದೆ. ಬೋರ್ನಿಯೋ ದ್ವೀಪದ ಪೂರ್ವ ಕಾಲಿಮಂತಾನ್‌ನಲ್ಲಿ ಸಿಕ್ಕ ಒಂದು ಕಾಡು ರೆಟಿಕ್ಯುಲೇಟೆಡ್ ಪೈಥಾನ್‌ಗೆ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲವಾದ ಮೇಲೆ ಅಳೆದರು. 6.95 ಮೀಟರ್. ಸುಮಾರು ಮೂರು ತಿಂಗಳು ಏನೂ ತಿಂದಿರದ ಆ ಹಾವಿನ ತೂಕ 59 ಕೆಜಿ.

ಉದ್ದ ನಿಂತಿತ್ತು, ತೂಕ ನಿಂತಿರಲಿಲ್ಲ

ಈಗ ಎರಡನೇ ಪ್ರಶ್ನೆಗೆ ಬರುತ್ತೇನೆ. ಬೇಬಿ ನಿಜವಾಗಿ 27 ಅಡಿ ಇದ್ದಿದ್ದರೆ ಏನರ್ಥ? ತನ್ನ ಜಾತಿಯ ಬೇರೆ ಎಲ್ಲ ಹಾವುಗಳನ್ನೂ ಹಿಂದೆ ಹಾಕಿ, ವಯಸ್ಸಾದಂತೆ ಉದ್ದವಾಗುತ್ತಲೇ ಹೋಯಿತು ಅಂತ. "ಸಾಯೋ ತನಕ ಬೆಳೆಯುತ್ತೆ" ಅನ್ನುವವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. 18 ಅಡಿ 10 ಇಂಚು ಅಂತಾದ ಕೂಡಲೇ ಚಿತ್ರ ತಿರುಗುತ್ತದೆ.

ಫ್ಲೋರಿಡಾದ ಕಾಡುಗಳಲ್ಲಿ ಈಗ ಬರ್ಮೀಸ್ ಹೆಬ್ಬಾವುಗಳು ತುಂಬಿಕೊಂಡಿವೆ. 2023ರ ಜುಲೈನಲ್ಲಿ ಬಿಗ್ ಸೈಪ್ರೆಸ್ ಅರಣ್ಯ ಪ್ರದೇಶದಲ್ಲಿ ಹಿಡಿದ ಒಂದು ಹೆಬ್ಬಾವು ಸರಿಯಾಗಿ 19 ಅಡಿ ಇತ್ತು. ಅಳತೆಗೆ ಸಿಕ್ಕ ಬರ್ಮೀಸ್ ಹೆಬ್ಬಾವುಗಳಲ್ಲಿ ಬೇಬಿಯನ್ನೂ ಮೀರಿಸಿದ್ದು ಅದು, ಅದೂ ಎರಡೇ ಇಂಚಿನಿಂದ. ಅದರ ತೂಕ ಎಷ್ಟಿತ್ತು ಗೊತ್ತೇ? ಸುಮಾರು 57 ಕೆಜಿ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉದ್ದ ಹೆಚ್ಚುಕಡಿಮೆ ಒಂದೇ. ಒಂದು 57 ಕೆಜಿ, ಇನ್ನೊಂದು 183 ಕೆಜಿ. ಕಾಡಿನ ಹಾವು ಅಡಿಗೆ 3 ಕೆಜಿ ತೂಗಿದರೆ ಬೇಬಿ ಅಡಿಗೆ 9.7 ಕೆಜಿ ತೂಗುತ್ತಿತ್ತು. 2022ರಲ್ಲಿ ಸುದ್ದಿಯಾದ ಫ್ಲೋರಿಡಾದ ಇನ್ನೊಂದು ದೈತ್ಯ ಹೆಣ್ಣು ಹೆಬ್ಬಾವು ಸುಮಾರು 18 ಅಡಿ ಉದ್ದ, 98 ಕೆಜಿ ತೂಕ ಇತ್ತು. ಹೊಟ್ಟೆಯಲ್ಲಿ ಬೆಳೆಯುತ್ತಿದ್ದ 122 ಮೊಟ್ಟೆಗಳನ್ನು ಸೇರಿಸಿಯೂ ಅಡಿಗೆ ಐದೂವರೆ ಕೆಜಿಯ ಆಸುಪಾಸು.

ಅಂದರೆ ಬೇಬಿಗೆ ವರ್ಷಗಟ್ಟಲೆ ಸಿಕ್ಕ ಆಹಾರ ಅದನ್ನು ಉದ್ದ ಮಾಡಲಿಲ್ಲ, ದಪ್ಪ ಮಾಡಿತು. ಈ ಜಾತಿಯ ಬೆನ್ನುಮೂಳೆ ಎಲ್ಲಿಯವರೆಗೆ ಚಾಚಬಹುದೋ ಅಲ್ಲಿಯವರೆಗೆ ಚಾಚಿ ನಿಂತಿತ್ತು. ಆಮೇಲೆ ಬಂದದ್ದೆಲ್ಲ ಸ್ನಾಯು, ಅದಕ್ಕಿಂತ ಹೆಚ್ಚಾಗಿ ಕೊಬ್ಬು. ನನ್ನ ಪ್ರಕಾರ ಈ ಇಡೀ ಪ್ರಕರಣದ ತಿರುಳು ಇದೇ. "ಬೆಳೆಯುತ್ತಿದೆ" ಅಂತ ನಾವು ಹೇಳುವಾಗ ಉದ್ದವನ್ನೂ ತೂಕವನ್ನೂ ಒಂದರಲ್ಲೊಂದು ಬೆರೆಸಿಬಿಡುತ್ತೇವೆ. ಉದ್ದಕ್ಕೆ ಒಂದು ಕೊನೆ ಇದೆ. ತೂಕಕ್ಕೆ ಕೊನೆ ಹಾಕುವುದು ಆಹಾರ ಕೊಡುವ ಕೈ.

ಮೊದಲ ಮೂರು ನಾಲ್ಕು ವರ್ಷದ ಓಟ

ಹಾವಿನ ಉದ್ದ ಅಂದರೆ ಬೆನ್ನುಮೂಳೆಯ ಉದ್ದ. ಜಾತಿಗೆ ತಕ್ಕಂತೆ ಸುಮಾರು 200ರಿಂದ 400 ಮೂಳೆಮಣಿ. ಎಷ್ಟು ಮಣಿ ಅನ್ನುವುದು ಮೊಟ್ಟೆಯ ಒಳಗೇ ತೀರ್ಮಾನ ಆಗಿರುತ್ತದೆ. ಹುಟ್ಟಿದ ಮೇಲೆ ಒಂದು ಮಣಿಯೂ ಹೊಸದಾಗಿ ಸೇರುವುದಿಲ್ಲ. ಎರಡು ಅಡಿಯ ಮರಿಯಲ್ಲೂ 18 ಅಡಿಯ ಹಾವಿನಲ್ಲೂ ಮಣಿಗಳ ಸಂಖ್ಯೆ ಅಷ್ಟೇ. ಪ್ರತಿ ಮಣಿ ದೊಡ್ಡದಾಗುವುದೇ ಬೆಳವಣಿಗೆ. ಎಲುಬಿನ ಬೆಳೆಯುವ ಮೆದು ಭಾಗ ಗಟ್ಟಿಯಾಗುತ್ತಾ ಹೋದ ಹಾಗೆ ಅದು ನಿಧಾನವಾಗುತ್ತದೆ. ಸರೀಸೃಪಗಳೆಲ್ಲ ಜೀವನಪೂರ್ತಿ ಬೆಳೆಯುತ್ತವೆ ಅನ್ನುವುದು ಹಳೆಯ ಪಾಠ. 2020ರಲ್ಲಿ ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ತಂಡವೊಂದು ಇದನ್ನೇ ಪ್ರಶ್ನಿಸಿತು. ಹಲ್ಲಿ-ಹಾವುಗಳ ದೊಡ್ಡ ಬಳಗದಲ್ಲಿ ಒಂದು ಹಂತಕ್ಕೆ ಬೆಳವಣಿಗೆ ನಿಲ್ಲುವುದೇ ಹೆಚ್ಚು ಸಾಮಾನ್ಯ, ಬಹುಶಃ ಮೂಲದಿಂದ ಬಂದ ಗುಣವೂ ಅದೇ ಅನ್ನುವುದು ಅವರ ತೀರ್ಮಾನ.

ನಿಲ್ಲುವುದು ಅಂದರೆ ಇವತ್ತು ಬೆಳೆದು ನಾಳೆ ನಿಲ್ಲುವುದಲ್ಲ. ಒಂದು ಉದಾಹರಣೆ ಲೆಕ್ಕ ಹಾಕೋಣ. ಇದು ಯಾವುದೇ ನಿಜವಾದ ಹಾವಿನದಲ್ಲ, ಹೇಗೆ ನಿಧಾನವಾಗುತ್ತದೆ ಅಂತ ತೋರಿಸಲು ಅಷ್ಟೆ. ಎರಡು ಅಡಿಯ ಮರಿ, ಕೊನೆಗೆ 16 ಅಡಿ ಆಗುವಂಥದ್ದು ಅಂತ ಇಟ್ಟುಕೊಳ್ಳಿ. ಪ್ರತಿ ವರ್ಷ, ಇನ್ನೂ ಬೆಳೆಯಲು ಬಾಕಿ ಇರುವುದರಲ್ಲಿ ನೂರಕ್ಕೆ 40 ಭಾಗ ಬೆಳೆಯುತ್ತದೆ. ಮೊದಲ ವರ್ಷದ ಕೊನೆಗೆ ಏಳೂವರೆ ಅಡಿ ದಾಟುತ್ತದೆ. ಎರಡನೇ ವರ್ಷಕ್ಕೆ 11 ಅಡಿ. ಮೂರಕ್ಕೆ 13. ನಾಲ್ಕಕ್ಕೆ 14 ದಾಟುತ್ತದೆ. ಐದನೇ ವರ್ಷ ಸೇರುವುದು ಒಂಬತ್ತು ಇಂಚಿಗೂ ಕಡಿಮೆ. ಹತ್ತನೇ ವರ್ಷ ಸೇರುವುದು ಮುಕ್ಕಾಲು ಇಂಚೂ ಇಲ್ಲ. ಹದಿನೈದನೇ ವರ್ಷ ಒಂದು ಮಿಲಿಮೀಟರ್ ಚಿಲ್ಲರೆ.

ಹದಿನೈದನೇ ವರ್ಷವೂ ಹಾವು "ಬೆಳೆಯುತ್ತಿದೆ". ಮಾತಿನಲ್ಲಿ ಅದು ನಿಜ. ಆದರೆ ಆ ಒಂದು ಮಿಲಿಮೀಟರನ್ನು ಯಾವ ಟೇಪೂ ಹಿಡಿಯಲಾರದು, ಅಲ್ವಾ? ಅಳತೆಯ ತಪ್ಪೇ ಅದಕ್ಕಿಂತ ನೂರು ಪಟ್ಟು ದೊಡ್ಡದು. ವಯಸ್ಸಾದ ಹಾವು ಈ ವರ್ಷ ಮೂರು ಇಂಚು ಬೆಳೆಯಿತು ಅಂತ ಯಾರಾದರೂ ಹೇಳಿದರೆ ಮೊದಲು ದಾರವನ್ನು ಅನುಮಾನಿಸಬೇಕು, ಆಮೇಲೆ ಹಾವನ್ನು.

ನಿಜ ಜೀವನದಲ್ಲೂ ಬರ್ಮೀಸ್ ಹೆಬ್ಬಾವಿನ ಓಟ ಹೀಗೇ. ಮೊಟ್ಟೆಯೊಡೆದು ಬರುವಾಗ ಎರಡು ಅಡಿಗಿಂತ ಸ್ವಲ್ಪ ಕಡಿಮೆ. ಚೆನ್ನಾಗಿ ತಿನ್ನಿಸಿದರೆ ಮೊದಲ ವರ್ಷದಲ್ಲೇ ಆರೇಳು ಅಡಿ. ಎರಡು ಮೂರು ವರ್ಷಕ್ಕೆ ಹತ್ತು ಹನ್ನೆರಡು ಅಡಿ, ಪ್ರಾಯಕ್ಕೂ ಬಂದಿರುತ್ತದೆ. ಪ್ರಾಯಕ್ಕೆ ಬಂದ ಮೇಲೆ ತಿಂದದ್ದು ಬೇರೆ ದಾರಿ ಹಿಡಿಯುತ್ತದೆ. ಹೆಣ್ಣು ಹೆಬ್ಬಾವು ಮೊಟ್ಟೆಗಳಿಗಾಗಿ ಕೊಬ್ಬು ಕೂಡಿಡುತ್ತದೆ. ಮೊಟ್ಟೆಯಿಟ್ಟು, ಅವುಗಳ ಸುತ್ತ ಸುರುಳಿ ಸುತ್ತಿಕೊಂಡು, ಚಳಿಯಾದರೆ ಸ್ನಾಯುಗಳನ್ನು ನಡುಗಿಸಿ ಬಿಸಿ ಹುಟ್ಟಿಸುತ್ತಾ ಎರಡು ತಿಂಗಳ ಹತ್ತಿರ ಕಾವು ಕೊಡುತ್ತದೆ. ಆ ದಿನಗಳಲ್ಲಿ ಏನೂ ತಿನ್ನುವುದಿಲ್ಲ. ಇಷ್ಟು ಖರ್ಚಿನ ನಡುವೆ ಮೂಳೆ ಉದ್ದ ಮಾಡಲು ಉಳಿಯುವುದು ಕಡಿಮೆ.

ಮರಿಯಾಗಿದ್ದಾಗ ಸಿಕ್ಕ ಆಹಾರದ ಪರಿಣಾಮ ಬಹಳ ದಿನ ಉಳಿಯುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ಒಂದು ಅಧ್ಯಯನ ಇದೆ. ಫಾಗ್ ಡ್ಯಾಮ್ ಬಳಿಯ ನೀರು ಹೆಬ್ಬಾವುಗಳನ್ನು ಥಾಮಸ್ ಮ್ಯಾಡ್ಸನ್ ಮತ್ತು ರಿಕ್ ಶೈನ್ ವರ್ಷಗಟ್ಟಲೆ ಹಿಡಿದು, ಅಳೆದು, ಗುರುತು ಹಾಕಿ ಬಿಟ್ಟರು. ಇಲಿಗಳು ತುಂಬಿದ್ದ ವರ್ಷ ಹುಟ್ಟಿದ ಮರಿಗಳು ಆ ವರ್ಷ ಮಾತ್ರವಲ್ಲ, ಮುಂದೆಯೂ ಬೇರೆಯವಕ್ಕಿಂತ ಬೇಗ ಬೆಳೆದವು. 2000ದಲ್ಲಿ ಪ್ರಕಟವಾದ ಈ ಫಲಿತಾಂಶ ಸಾಕುವವರಿಗೂ ಬೇಕಾದದ್ದು. ಹಾವಿನ ಕೊನೆಯ ಉದ್ದದಲ್ಲಿ ವಂಶದ ಪಾಲು ಇದೆ, ಗಂಡೋ ಹೆಣ್ಣೋ ಅನ್ನುವುದರ ಪಾಲು ಇದೆ, ಮೊದಲ ಒಂದೆರಡು ವರ್ಷದ ಊಟದ ಪಾಲೂ ಇದೆ. ಇಪ್ಪತ್ತನೇ ವರ್ಷದ ಊಟದ ಪಾಲು ಮಾತ್ರ ಇಲ್ಲ.

ವಂಶ ಅಂದೆ. ಇದೇ ಬರ್ಮೀಸ್ ಹೆಬ್ಬಾವಿನ ಕುಳ್ಳ ತಳಿಗಳು ಜಾವಾ, ಬಾಲಿ, ಸುಲವೇಸಿ ದ್ವೀಪಗಳಲ್ಲಿವೆ. ಅವು ಪೂರ್ತಿ ಬೆಳೆದರೂ ಏಳೆಂಟು ಅಡಿ. ಎಷ್ಟು ತಿನ್ನಿಸಿದರೂ ಅವು ಬೇಬಿ ಆಗುವುದಿಲ್ಲ.

ತಿಂದ ಎರಡೇ ದಿನಕ್ಕೆ ಬೆಳೆಯುವ ಹೃದಯ

ಬರ್ಮೀಸ್ ಹೆಬ್ಬಾವಿನಲ್ಲಿ ಇನ್ನೊಂದು ಬೆಳವಣಿಗೆ ನಡೆಯುತ್ತದೆ. ಮೊದಲ ಸಲ ಓದಿದಾಗ ನನಗೆ ನಂಬುವುದೇ ಕಷ್ಟ ಆಗಿತ್ತು. ದೊಡ್ಡ ಬೇಟೆ ನುಂಗಿದ ಎರಡು ದಿನದಲ್ಲಿ ಅದರ ಹೃದಯದ ಸ್ನಾಯುವಿನ ತೂಕ ನೂರಕ್ಕೆ 40ರವರೆಗೂ ಹೆಚ್ಚಬಹುದು. ಕರುಳು, ಪಿತ್ತಜನಕಾಂಗ, ಮೂತ್ರಪಿಂಡ ಎಲ್ಲವೂ ಹಿಗ್ಗುತ್ತವೆ. ಊಟ ಅರಗಿದ ಮೇಲೆ ಎಲ್ಲ ಮೊದಲಿನ ಗಾತ್ರಕ್ಕೆ ಮರಳುತ್ತವೆ. ಹೃದಯದ ಈ ಬದಲಾವಣೆ 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಮನುಷ್ಯರ ಹೃದಯರೋಗಕ್ಕೆ ಇದರಿಂದ ಏನಾದರೂ ದಾರಿ ಸಿಗಬಹುದೇ ಅಂತ ಆಮೇಲೂ ಸಂಶೋಧನೆ ನಡೆದಿದೆ.

ಸಾಕುವವರಿಗೆ ಇದರಿಂದ ತಿಳಿಯುವುದು ಏನು? ಹೆಬ್ಬಾವಿನ ಮೈ ಅಪರೂಪಕ್ಕೆ ಸಿಗುವ ದೊಡ್ಡ ಊಟಕ್ಕೆ, ನಡುವೆ ಉದ್ದನೆಯ ಉಪವಾಸಕ್ಕೆ ಹೊಂದಿಕೊಂಡಿರುವ ಮೈ. ಪಂಜರದಲ್ಲಿ ವರ್ಷಪೂರ್ತಿ ಒಂದೇ ಬೆಚ್ಚಗೆ, ವಾರ ತಪ್ಪದೆ ಊಟ. ಕಾಡಿನಲ್ಲಿ ಹಾಗೆ ಎಲ್ಲೂ ಇಲ್ಲ. ಬೇಗ ದೊಡ್ಡದು ಮಾಡಬೇಕು, ಬೇಗ ಮರಿ ಮಾಡಿಸಬೇಕು ಅಂತ ಮರಿಗಳಿಗೆ ಮಿತಿಮೀರಿ ತಿನ್ನಿಸುವವರಿದ್ದಾರೆ. ಉದ್ದ ಒಂದಷ್ಟು ಬೇಗ ಬರುತ್ತದೆ, ನಿಜ. ಜೊತೆಗೆ ಕೊಬ್ಬು ಕಟ್ಟಿದ ಪಿತ್ತಜನಕಾಂಗವೂ ಬರುತ್ತದೆ. ಇದು ನನಗೆ ತೀರಾ ಬೇಸರ ತರುವ ವಿಷಯ. ಹಾವು ನೋವನ್ನು ಮುಖದಲ್ಲಿ ತೋರಿಸುವುದಿಲ್ಲ, ಕೂಗುವುದಿಲ್ಲ. ಬೊಜ್ಜು ಬಂದ ಹಾವನ್ನು ನೋಡಿ "ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ" ಅಂತ ಜನ ಹೊಗಳುತ್ತಾರೆ.

ಮನೆಯಲ್ಲಿರುವ ಚಿಕ್ಕ ಹಾವುಗಳ ಮಾತು

ಬೇಬಿಯಂಥ ದೈತ್ಯ ಸಾಮಾನ್ಯ ಮನೆಗಳಲ್ಲಿ ಇರುವುದಿಲ್ಲ. ಅಮೆರಿಕ, ಯುರೋಪಿನ ಮನೆಗಳಲ್ಲಿ ಹೆಚ್ಚಾಗಿ ಇರುವುದು ಆಫ್ರಿಕಾದ ಚಿಕ್ಕ ಹೆಬ್ಬಾವಾದ ಬಾಲ್ ಪೈಥಾನ್, ಅಮೆರಿಕದ ವಿಷವಿಲ್ಲದ ಹಾವಾದ ಕಾರ್ನ್ ಸ್ನೇಕ್. ಕಾರ್ನ್ ಸ್ನೇಕ್ ಮೂರು ವರ್ಷದ ಹೊತ್ತಿಗೆ ನಾಲ್ಕೈದು ಅಡಿ ತಲುಪಿ ಹೆಚ್ಚುಕಡಿಮೆ ನಿಲ್ಲುತ್ತದೆ. ಹೆಣ್ಣು ಬಾಲ್ ಪೈಥಾನ್ ಮೂರರಿಂದ ಐದು ಅಡಿ, ಗಂಡು ಇನ್ನೂ ಗಿಡ್ಡ. ಅದರಲ್ಲೂ ಹೆಚ್ಚಿನ ಪಾಲು ಮೊದಲ ಮೂರು ನಾಲ್ಕು ವರ್ಷದಲ್ಲೇ ಬಂದಿರುತ್ತದೆ.

ಬಾಲ್ ಪೈಥಾನ್ ಜಾತಿಯ ಒಂದು ಅಪೂರ್ವ ಅಜ್ಜಿಯ ಕತೆ ಇದೆ. 1961ರಲ್ಲಿ ಯಾರೋ ಮನೆಯಲ್ಲಿ ಸಾಕಿದ್ದ ಬಾಲ್ ಪೈಥಾನನ್ನು ಸೇಂಟ್ ಲೂಯಿಸ್ ಮೃಗಾಲಯಕ್ಕೆ ಕೊಟ್ಟರು. 2020ರ ಜುಲೈನಲ್ಲಿ, 62 ವರ್ಷ ದಾಟಿದ ಆ ಹಾವು ಏಳು ಮೊಟ್ಟೆ ಇಟ್ಟಿತು. ಗಂಡಿನ ಜೊತೆ ಇಟ್ಟು ಹದಿನೈದು ವರ್ಷಕ್ಕೂ ಹೆಚ್ಚಾಗಿತ್ತು. ಮೊಟ್ಟೆಯ ಸುದ್ದಿ ಜಗತ್ತಿಗೆಲ್ಲ ಹರಡಿತು. ನನಗೆ ಮುಖ್ಯ ಅನ್ನಿಸುವುದು ಅದರ ವಯಸ್ಸು. ಪ್ರಾಯಕ್ಕೆ ಬಂದ ಮೇಲೆ ವರ್ಷಕ್ಕೆ ಬರೀ ಒಂದು ಇಂಚು ಬೆಳೆಯುತ್ತಿದ್ದರೂ 58 ವರ್ಷಕ್ಕೆ 58 ಇಂಚು, ಅಂದರೆ ಸುಮಾರು ಐದು ಅಡಿ ಜಾಸ್ತಿ ಸೇರಬೇಕಿತ್ತು. ನಾಲ್ಕು ಅಡಿಯ ಹಾವು ಒಂಬತ್ತು ಅಡಿ ಆಗಬೇಕಿತ್ತು. ಒಂಬತ್ತು ಅಡಿಯ ಬಾಲ್ ಪೈಥಾನ್ ಎಲ್ಲೂ ಇಲ್ಲ. ವರ್ಷಕ್ಕೆ ಒಂದು ಇಂಚು ಕೂಡ ಬಹಳ ಜಾಸ್ತಿಯಾಯಿತು ಅಂತ ಇಲ್ಲೇ ಗೊತ್ತಾಗುತ್ತದೆ.

"ಚಿಕ್ಕ ಪೆಟ್ಟಿಗೆಯಲ್ಲಿಟ್ಟರೆ ಹಾವು ಚಿಕ್ಕದಾಗೇ ಇರುತ್ತೆ" ಅನ್ನುವ ಮಾತೂ ಓಡಾಡುತ್ತದೆ. ಪೆಟ್ಟಿಗೆಯ ಗಾತ್ರ ಉದ್ದವನ್ನು ತಡೆಯುವುದಿಲ್ಲ. ಹಾವು ಬೆಳೆಯುತ್ತದೆ, ಮೈ ಚಾಚಲು ಜಾಗ ಇಲ್ಲದೆ ನರಳುತ್ತದೆ ಅಷ್ಟೆ.

ಇನ್ನು ಪೊರೆ. ನಮ್ಮೂರ ಹಿತ್ತಲಲ್ಲಿ ಪೊರೆ ಸಿಕ್ಕರೆ ಹಿಡಿದು ನೋಡಿ "ಅಬ್ಬಾ, ಇಷ್ಟುದ್ದದ ಹಾವು ಇಲ್ಲೇ ಓಡಾಡ್ತಿದೆ" ಅಂತ ಹೌಹಾರುತ್ತೇವೆ. ಪೊರೆ ಯಾವಾಗಲೂ ಹಾವಿಗಿಂತ ಉದ್ದ. ಕಾಲುಚೀಲ ತೆಗೆದ ಹಾಗೆ ಒಳಮೈ ಹೊರಗಾಗಿ ಕಳಚುವಾಗ ಅದು ಹಿಗ್ಗುತ್ತದೆ, ಹುರುಪೆಗಳ ನಡುವೆ ಮಡಚಿಕೊಂಡಿದ್ದ ಚರ್ಮವೂ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಪೊರೆ ಅಳೆದು ಹಾವಿನ ಉದ್ದ ಹೇಳಬಾರದು. ಪೊರೆ ಬಿಟ್ಟಿತು ಅಂದರೆ ಬೆಳೆಯಿತು ಅಂತಲೂ ಅಲ್ಲ. ಬೆಳೆಯುವ ಮರಿ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಪೊರೆ ಬಿಡುತ್ತದೆ. ಬೆಳವಣಿಗೆ ನಿಂತ ಮುದಿ ಹಾವೂ ವರ್ಷಕ್ಕೆ ಕೆಲವು ಸಲ ಬಿಡುತ್ತದೆ, ಸವೆದ ಚರ್ಮ ಬದಲಾಗಬೇಕಲ್ಲ.

ಹೊರದೇಶದಲ್ಲಿದ್ದು ಕಾನೂನು ಪ್ರಕಾರ ಹಾವು ಸಾಕಿರುವ ಕನ್ನಡದವರಿಗೆ ಬೇಬಿಯ ಪ್ರಕರಣದಿಂದ ಕೆಲಸಕ್ಕೆ ಬರುವ ಒಂದೆರಡು ಮಾತು ಹೇಳಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೊಂದನ್ನು ಹಾವಿಗೆಂದೇ ಬೇರೆ ಇಟ್ಟುಕೊಳ್ಳಿ. ಮುಚ್ಚಳ ಇರುವ ಡಬ್ಬಿಯಲ್ಲಿ ಹಾವನ್ನಿಟ್ಟು, ಡಬ್ಬಿಯ ತೂಕ ಕಳೆದು ಬರೆದಿಡಿ. ಊಟದ ಹಿಂದಿನ ದಿನ ತೂಗಿದರೆ ಹೊಟ್ಟೆಯಲ್ಲಿರುವ ಇಲಿಯ ತೂಕ ಸೇರುವುದಿಲ್ಲ. ಉದ್ದ ಬೇಕಿದ್ದರೆ ಮೇಲಿನಿಂದ ನೇರವಾಗಿ ಒಂದು ಫೋಟೊ ತೆಗೆಯಿರಿ, ಹಾವಿನ ಪಕ್ಕ ಒಂದು ಅಳತೆಪಟ್ಟಿ ಇರಲಿ. ಬೆನ್ನಿನ ನಡುಗೆರೆಯನ್ನು ಕಂಪ್ಯೂಟರ್‌ನಲ್ಲಿ ಗುರುತಿಸಿ ಅಳೆಯಬಹುದು. ಹಾವಿಗೂ ಗಾಬರಿ ಇಲ್ಲ, ದಾರ ಜಾರುವ ಭಯವೂ ಇಲ್ಲ. ಯಾವ ವಿಧಾನವೇ ಆಗಲಿ, ಪ್ರತಿ ಸಲ ಅದೇ ವಿಧಾನ ಬಳಸಿ.

ಉದ್ದ ನಿಲ್ಲುತ್ತಾ ಬಂತು, ತೂಕ ಮಾತ್ರ ಏರುತ್ತಲೇ ಇದೆ ಅಂತ ಪಟ್ಟಿಯಲ್ಲಿ ಕಂಡರೆ ಊಟದ ನಡುವಿನ ದಿನ ಜಾಸ್ತಿ ಮಾಡುವ ಹೊತ್ತು ಬಂದಿದೆ ಅಂತ ಅರ್ಥ. ಮರಿಗೆ ವಾರಕ್ಕೊಂದು ಊಟ ಸರಿ. ಬೆಳೆದ ಬಾಲ್ ಪೈಥಾನ್‌ಗೆ ಎರಡರಿಂದ ನಾಲ್ಕು ವಾರಕ್ಕೊಂದು ಸಾಕು. ಮೈ ಸುರುಳಿ ಮಾಡಿದಾಗ ಬಾಲದ ಬುಡದ ಹತ್ತಿರ ಚರ್ಮ ಮಡಿಕೆ ಬೀಳುವುದು, ಊಟವಿಲ್ಲದ ದಿನವೂ ಹುರುಪೆಗಳ ನಡುವೆ ಚರ್ಮ ಕಾಣುವುದು ಬೊಜ್ಜಿನ ಗುರುತು. ಅದಕ್ಕೆ ತಿರುಗಾಮುರುಗಾ, ವಯಸ್ಸಾದ ಹಾವಿನ ತೂಕ ಇಳಿಯುತ್ತಾ ಹೋಗಿ ಬೆನ್ನಿನ ಏಣು ಎದ್ದು ಕಂಡರೆ "ವಯಸ್ಸಾಯ್ತು, ಹಾಗೇ ಇರುತ್ತೆ" ಅಂತ ಸುಮ್ನೆ ಇರಬೇಡಿ. ಹಾವು ನೋಡಿ ಗೊತ್ತಿರುವ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಮರಿ ಕೊಳ್ಳುವ ಹೊತ್ತಿನ ಲೆಕ್ಕ

1996ರಿಂದ 2006ರ ನಡುವೆ ಅಮೆರಿಕಕ್ಕೆ ಸುಮಾರು 99,000 ಬರ್ಮೀಸ್ ಹೆಬ್ಬಾವುಗಳು ಆಮದಾದವು. ಅಂಗಡಿಯಲ್ಲಿ ಎರಡು ಅಡಿಯ ಚೆಂದದ ಮರಿ. ಮಾರುವವರು "ನಿಧಾನವಾಗಿ ಬೆಳೆಯುತ್ತೆ" ಅಂದರೆ ಕೊಳ್ಳುವವರು ಇಪ್ಪತ್ತು ವರ್ಷದ ಸಮಯ ಇದೆ ಅಂದುಕೊಳ್ಳುತ್ತಾರೆ. ಮೂರು ವರ್ಷಕ್ಕೆ ಹನ್ನೆರಡು ಅಡಿಯ ಹಾವು ಮನೆಯಲ್ಲಿರುತ್ತದೆ. ಜೀವನಪೂರ್ತಿ ಬೆಳೆಯುತ್ತದೆ ಅನ್ನುವ ಮಾತು ಮಾಡುವ ದೊಡ್ಡ ಹಾನಿ ಇದೇ: ಬೆಳವಣಿಗೆ ಇಡೀ ಆಯುಷ್ಯಕ್ಕೆ ಸಮನಾಗಿ ಹಂಚಿಹೋಗಿದೆ ಅನ್ನುವ ಭ್ರಮೆ ಹುಟ್ಟಿಸುತ್ತದೆ. ಫ್ಲೋರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಇವು ನೆಲೆಯೂರಿದ್ದು ಹೀಗೆ ಮನೆಗಳಿಂದ ಹೊರಬಿದ್ದ, ಸಾಕುವವರ ಕೈ ತಪ್ಪಿದ ಹಾವುಗಳಿಂದ. 2012ರಲ್ಲಿ ಅಮೆರಿಕ ಬರ್ಮೀಸ್ ಹೆಬ್ಬಾವಿನ ಆಮದು ನಿಲ್ಲಿಸಿತು. ಅಷ್ಟರಲ್ಲಿ ಕಾಡಿನಲ್ಲಿ ಅವುಗಳ ಸಂತಾನ ಬಹಳ ಬೆಳೆದಾಗಿತ್ತು.

ನಮ್ಮಲ್ಲಿ ಈ ಮಾತು ದೂರದ್ದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ 55 ಬಾಲ್ ಪೈಥಾನ್ ಮತ್ತು 17 ಕಾಳಿಂಗ ಸರ್ಪಗಳು ಸಿಕ್ಕವು. ಜೊತೆಗಿದ್ದ ಆರು ಕೋತಿಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ, ಅದೇ ಬ್ಯಾಂಕಾಕ್ ದಾರಿಯಲ್ಲಿ ಬಂದ 10 ಹಳದಿ ಅನಕೊಂಡಗಳು. ಬ್ಯಾಗಿನಲ್ಲಿ ಹಿಡಿಯುವ ಅನಕೊಂಡ ಬೆಳೆದು ಹತ್ತು ಅಡಿ ದಾಟುತ್ತದೆ.

ನಮ್ಮ ಹೆಬ್ಬಾವು, ನಾಗರಹಾವು, ಕೇರೆ ಹಾವು, ಯಾವುದನ್ನೂ ಮನೆಯಲ್ಲಿಟ್ಟು ಸಾಕುವ ಹಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ತಡೆಯುತ್ತದೆ. ಬರ್ಮೀಸ್ ಹೆಬ್ಬಾವೂ ಈಶಾನ್ಯ ಭಾರತದ ಕಾಡಿನದೇ ಆದ್ದರಿಂದ ಅದಕ್ಕೂ ಇದೇ ಮಾತು. ಬಾಲ್ ಪೈಥಾನ್‌ನಂಥ ಹೊರದೇಶದ, ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ (ಸೈಟ್ಸ್) ಪಟ್ಟಿಯಲ್ಲಿರುವ ಪ್ರಾಣಿಗಳಿದ್ದರೆ 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಕಾನೂನು ಒಪ್ಪುವ ಜಾಗದಲ್ಲಿದ್ದು, ಮರಿ ತರಲೇಬೇಕು ಅಂತ ಇರುವವರು ಮಾರುವವರನ್ನು ಕೇಳಬೇಕಾದ ಪ್ರಶ್ನೆ "ಎಷ್ಟು ವರ್ಷ ಬೆಳೆಯುತ್ತೆ" ಅನ್ನುವುದಲ್ಲ. ಮರಿ ಗಂಡೋ ಹೆಣ್ಣೋ, ಇದರ ತಾಯಿ ಎಷ್ಟು ಉದ್ದ ಇದೆ, ಮೂರನೇ ವರ್ಷಕ್ಕೆ ಇದು ಎಷ್ಟಾಗುತ್ತದೆ, ಹೇಗೆ ಅಳೆದಿರಿ ಅಂತ ಕೇಳಿ. ತಾಯಿ ಹಾವನ್ನು ಕಣ್ಣಾರೆ ನೋಡಿ. ಅದು ಮಲಗಿರುವ ಪೆಟ್ಟಿಗೆ ಎಷ್ಟು ದೊಡ್ಡದು ಅಂತಲೂ ನೋಡಿ. ಮೂರು ವರ್ಷದೊಳಗೆ ನಿಮ್ಮ ಮನೆಯಲ್ಲೂ ಅಷ್ಟೇ ದೊಡ್ಡ ಪೆಟ್ಟಿಗೆ ಬೇಕಾಗುತ್ತದೆ, ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಅಲ್ಲೇ ಇರಬೇಕಾಗುತ್ತದೆ.